ನಿಮ್ಮ ಲೇಖನದಲ್ಲಿ ಒಪ್ಪದವರು ಯಾರೂ ಇಲ್ಲ

ನಮಸ್ಕಾರ.

ಥಾಮಸ್ ಪೇನ್ ಬರೆದ ‘ಕಾಮನ್ ಸೆನ್ಸ್’ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ವಿಷಯ ಚೆನ್ನಾಗಿದೆ, ನಿಮ್ಮ ಕನ್ನಡವೂ ಓದಿಸಿಕೊಂಡು ಹೋಗುತ್ತದೆ. ಅದಕ್ಕೇ ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ.

ನೀವು ಹೇಳುವ ಕಥೆ ಇಷ್ಟು. ಬ್ರಿಟನ್ ತೆರಿಗೆ ಹೇರಿತು. ಅಮೆರಿಕದ ಹದಿಮೂರು ವಸಾಹತುಗಳ ಜನ ಸಿಟ್ಟಾದರು. 1776ರ ಜನವರಿಯಲ್ಲಿ, ಬ್ರಿಟನ್‌ನಿಂದ ಬೇರೆಯಾಗೋಣ ಎನ್ನುವ ಪೇನ್‌ನ ಕಿರುಹೊತ್ತಿಗೆ ಬಂತು, ಜನ ಎಚ್ಚೆತ್ತರು, ಜುಲೈನಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ಇಸವಿಗಳೆಲ್ಲ ಸರಿ. ಆದರೆ ಇಡೀ ಲೇಖನದಲ್ಲಿ ಪೇನ್‌ನ ಮಾತು ಒಪ್ಪದವನು ಒಬ್ಬನೂ ಇಲ್ಲ. ಎಲ್ಲರೂ ಮೊದಲೇ ಬೇರೆಯಾಗಲು ತಯಾರಿದ್ದರೆ ಆತ ಮನವೊಲಿಸಿದ್ದು ಯಾರನ್ನು?

ಆಗ ಜನ ಹಾಗೆ ತಯಾರಿರಲಿಲ್ಲ. 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್, ಕಾಂಕರ್ಡ್ ಊರುಗಳಲ್ಲಿ ಬ್ರಿಟಿಷ್ ಸೈನಿಕರಿಗೂ ವಸಾಹತಿನವರಿಗೂ ನಡುವೆ ಗುಂಡು ಹಾರಿ ಹೆಣ ಬಿದ್ದಿದ್ದವು. ಅಷ್ಟಾದ ಮೇಲೂ ಜುಲೈನಲ್ಲಿ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸು ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಗೆ ರಾಜಿಯ ಮನವಿ ಕಳಿಸಿತು! ಕೆಟ್ಟವರು ಮಂತ್ರಿಗಳು, ಕೆಟ್ಟದ್ದು ಪಾರ್ಲಿಮೆಂಟು, ದೊರೆ ಮಾತ್ರ ಒಳ್ಳೆಯವನು ಎಂಬ ನಂಬಿಕೆ ಬಹಳ ಜನರಲ್ಲಿ ಇನ್ನೂ ಗಟ್ಟಿಯಾಗಿತ್ತು. ಪೇನ್‌ಗೆ ಎದುರಾಗಿದ್ದು ಆ ನಂಬಿಕೆ. ನಿಮ್ಮ ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಸಿಕ್ಕಿಲ್ಲ.

ಆ ನಂಬಿಕೆಗೆ ಒಂದು ಮುಖ ಬೇಕು ಅಂದರೆ ಜಾನ್ ಡಿಕಿನ್ಸನ್‌ನನ್ನು ಕರೆತನ್ನಿ. 1767–68ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ರೈತನ ಹೆಸರಿನಲ್ಲಿ ಪತ್ರಿಕೆಗಳಿಗೆ ಹನ್ನೆರಡು ಪತ್ರ ಬರೆದವನು ಆತ. (ನಿಜಕ್ಕೆ ಅನುಕೂಲಸ್ಥ ವಕೀಲ. ಅದಿರಲಿ.) ಖಜಾನೆ ತುಂಬಿಸಲು ನಮ್ಮ ಮೇಲೆ ತೆರಿಗೆ ಹಾಕುವ ಹಕ್ಕು ಪಾರ್ಲಿಮೆಂಟಿಗೆ ಇಲ್ಲ ಎಂದು ಗಟ್ಟಿಯಾಗಿಯೇ ಹೇಳುತ್ತಾನೆ. ಆದರೆ ನಡೆದುಕೊಳ್ಳುವ ರೀತಿಗೆ ಬಂದಾಗ ದನಿ ಇಳಿಯುತ್ತದೆ. ಪ್ರೀತಿಯ ತಂದೆಯಿಂದ ತಪ್ಪಿಲ್ಲದೆ ಏಟು ತಿಂದ ವಿಧೇಯ ಮಕ್ಕಳ ಹಾಗೆ ಇರೋಣ ಅನ್ನುತ್ತಾನೆ. ಈ ಪತ್ರಗಳು ಕಿರುಹೊತ್ತಿಗೆಯಾಗಿಯೂ ಬಂದು ಊರೂರಲ್ಲಿ ಓದಿಸಿಕೊಂಡವು.

ಈಗ ಪೇನ್ ಏನು ಮಾಡಿದ ನೋಡಿ. ಬ್ರಿಟನ್ ನಮಗೆ ಹೆತ್ತ ನಾಡು ಎಂಬ ಮಾತನ್ನು ಆತ ಸೀದಾ ತಳ್ಳಿಹಾಕುವುದಿಲ್ಲ. ಮೊದಲು ಹೌದು ಅಂತ ಇಟ್ಟುಕೊಳ್ಳುತ್ತಾನೆ. ಹಾಗಿದ್ದರೆ ಅದರ ನಡತೆಗೆ ಇನ್ನೂ ನಾಚಿಕೆಗೇಡು, ಮೃಗಗಳೂ ತಮ್ಮ ಮರಿಗಳನ್ನು ತಿನ್ನುವುದಿಲ್ಲವಲ್ಲ ಎಂದು ಕೇಳುತ್ತಾನೆ. ಓದುಗ ತಲೆಯಾಡಿಸುವಷ್ಟರಲ್ಲಿ ಕಾಲ ಕೆಳಗಿನ ಹಲಗೆಯನ್ನೂ ಎಳೆಯುತ್ತಾನೆ: ಅಮೆರಿಕವನ್ನು ಹೆತ್ತದ್ದು ಇಂಗ್ಲೆಂಡ್ ಅಲ್ಲ, ಇಡೀ ಯುರೋಪು. ನಾಲ್ಕಾರು ಸಾಲಿನ ಕೆಲಸ ಇದು. ನಿಮ್ಮಲ್ಲಿ ಇದರ ಜಾಗದಲ್ಲಿ ‘ಬೆಂಕಿಯುಗುಳುವ ಬರಹ’ ಎಂದಷ್ಟೇ ಇದೆ. ಬೆಂಕಿ ನಮಗೂ ಕಾಣಬೇಕು, ಅಲ್ವಾ?

ದೊರೆತನದ ಮೇಲಿನ ಏಟೂ ಹೀಗೇ. ರೂಸೋ, ಲಾಕ್ ಎಂದು ಚಿಂತಕರ ಹೆಸರು ಹೇಳಿ ನೀವು ಒಂದು ಪುಟ ತುಂಬಿಸಿದ್ದೀರಿ. ಪೇನ್ ಎತ್ತಿಕೊಂಡಿದ್ದು ಜನರ ಮನೆಯಲ್ಲೇ ಇದ್ದ ಪುಸ್ತಕವನ್ನು, ಬೈಬಲ್ಲನ್ನು. ಇಸ್ರೇಲಿನ ಜನ ನಮಗೂ ಒಬ್ಬ ರಾಜ ಬೇಕು ಎಂದಾಗ ಪ್ರವಾದಿ ಸಮುವೇಲ ಎಚ್ಚರಿಸುತ್ತಾನೆ: ಆತ ನಿಮ್ಮ ಗಂಡುಮಕ್ಕಳನ್ನು ತನ್ನ ರಥದ ಚಾಕರಿಗೆ ಹಚ್ಚುತ್ತಾನೆ, ಒಳ್ಳೆಯ ಹೊಲ, ದ್ರಾಕ್ಷಿತೋಟ ಕಿತ್ತುಕೊಳ್ಳುತ್ತಾನೆ. ಇದನ್ನು ಪೇನ್ ಉದ್ದಕ್ಕೂ ಉಲ್ಲೇಖಿಸಿ, ನಡುನಡುವೆ ತನ್ನ ಟಿಪ್ಪಣಿ ಸೇರಿಸುತ್ತಾನೆ. ಮುಂದೆ ಬೈಬಲ್ಲನ್ನೇ ಕಟುವಾಗಿ ಪ್ರಶ್ನಿಸಿದ ಮನುಷ್ಯ ಈತ ಎಂಬುದನ್ನು ಮರೆಯಬೇಡಿ. ತಾನು ಏನು ನಂಬುತ್ತೇನೆ ಅನ್ನುವುದಕ್ಕಿಂತ ಎದುರಿಗಿರುವವನು ಏನು ನಂಬುತ್ತಾನೆ ಅನ್ನುವುದರ ಮೇಲೆ ಆತನ ಕಣ್ಣಿತ್ತು.

‘ಐದು ಲಕ್ಷ ಪ್ರತಿ ಮಾರಾಟವಾಯಿತು’ ಎಂಬ ಸಾಲು ತೆಗೆಯಿರಿ. ಎಲ್ಲ ಕಡೆ ಸಿಗುವ ಅಂಕಿ, ಗೊತ್ತು. ಪೇನ್ ತಾನೇ ಹೇಳಿಕೊಂಡಿದ್ದು ಮೂರು ತಿಂಗಳಲ್ಲಿ 1,20,000. ಅದನ್ನೂ ಇತಿಹಾಸಕಾರರು ಅನುಮಾನದಿಂದಲೇ ನೋಡುತ್ತಾರೆ. ಗುಲಾಮರನ್ನೂ ಸೇರಿಸಿ ಅಲ್ಲಿದ್ದ ಜನಸಂಖ್ಯೆ ಸುಮಾರು 25 ಲಕ್ಷ. ಕೈಯಿಂದ ಎಳೆಯುವ ಅಚ್ಚಿನ ಯಂತ್ರ, ಕಾಗದದ ಬರ. ಲೆಕ್ಕ ಕೂಡುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ ಮರುಮುದ್ರಣವಾಯಿತು, ಜರ್ಮನ್ ಭಾಷೆಗೂ ಹೋಯಿತು ಎಂದರೆ ಸಾಕು.

ಕಾರಣದ ಬಗ್ಗೆ ಒಂದು ಮಾತು. ಎಲ್ಲ ಪುಣ್ಯವನ್ನೂ ಪುಸ್ತಕಕ್ಕೇ ಕಟ್ಟಿದ್ದೀರಿ. ಅದು ಹೊರಬಂದ ದಿನಗಳಲ್ಲೇ, ವಸಾಹತುಗಳು ದಂಗೆ ಎದ್ದಿವೆ ಎಂದು ದೊರೆ 1775ರ ಅಕ್ಟೋಬರ್‌ನಲ್ಲಿ ಮಾಡಿದ ಭಾಷಣ ಹಡಗಿನಲ್ಲಿ ಫಿಲಡೆಲ್ಫಿಯಾ ಮುಟ್ಟಿತು. ಒಳ್ಳೆಯ ದೊರೆ ಎಂಬ ನಂಬಿಕೆಗೆ ದೊರೆಯೇ ಕೊಟ್ಟ ಏಟು ಅದು. 1776ರ ಜನವರಿ 31ರ ಒಂದು ಕಾಗದದಲ್ಲಿ ವಸಾಹತುಗಳ ಸೇನಾಪತಿ ವಾಷಿಂಗ್ಟನ್ ಪೇನ್‌ನ ತರ್ಕವನ್ನು ಹೊಗಳುತ್ತಾನೆ. ಅದೇ ವಾಕ್ಯದಲ್ಲಿ ಫಾಲ್ಮತ್, ನಾರ್ಫೋಕ್‌ ಊರುಗಳು ಸುಟ್ಟಿದ್ದನ್ನು ‘ಉರಿಯುವ ವಾದಗಳು’ ಎಂದು ಅದರ ಪಕ್ಕದಲ್ಲೇ ಇಡುತ್ತಾನೆ. ಇನ್ನೂ ಮಜಾ ಎಂದರೆ, ನಾರ್ಫೋಕ್‌ನ ಬಹುಪಾಲು ಸುಟ್ಟವರು ವಸಾಹತಿನ ಕಡೆಯ ಸೈನಿಕರೇ ಎಂದು ಆಮೇಲಿನ ತನಿಖೆಯಲ್ಲಿ ಹೊರಬಿತ್ತು. ಆಗ ಅಪವಾದವೆಲ್ಲ ಬ್ರಿಟಿಷ್ ನೌಕಾಪಡೆಯ ಮೇಲೆ. ಈ ಕಾಗದ ನಿಮ್ಮ ಲೇಖನಕ್ಕೆ ಬರಲೇಬೇಕು.

ಪೇನ್ ಮತ್ತು ಮುದ್ರಕ ರಾಬರ್ಟ್ ಬೆಲ್ ದುಡ್ಡಿಗಾಗಿ ಜಗಳವಾಡಿದ ಭಾಗ ಚೆನ್ನಾಗಿದೆ, ಇರಲಿ. ಅದಕ್ಕೆ ಇದನ್ನೂ ಸೇರಿಸಿ: ಪೇನ್‌ಗೆ ಎದುರುತ್ತರವಾಗಿ ಜೇಮ್ಸ್ ಚಾಮರ್ಸ್ ಬರೆದ ‘ಪ್ಲೇನ್ ಟ್ರೂತ್’ ಅಚ್ಚು ಹಾಕಿದವನೂ ಅದೇ ಬೆಲ್. ಡಿಸೆಂಬರ್‌ನಲ್ಲಿ ಬಂದ, ಪೇನ್‌ನದೇ ಆದ ‘ದಿ ಅಮೆರಿಕನ್ ಕ್ರೈಸಿಸ್’ ಬಗೆಗಿನ ಕೊನೆಯ ಪ್ಯಾರಾ ಬೇಡ. ಅದು ಸೋತು ಹಿಂದೆ ಸರಿಯುತ್ತಿದ್ದ ಸೈನಿಕರನ್ನು ಹಿಡಿದು ನಿಲ್ಲಿಸಲು ಬರೆದದ್ದು. ಅದರ ಕಥೆಯೇ ಬೇರೆ, ಬೇಕಾದರೆ ಇನ್ನೊಂದು ಲೇಖನ ಬರೆಯಿರಿ. ‘ಖಡ್ಗಕ್ಕಿಂತ ಲೇಖನಿ ಹರಿತ’ ಎಂಬ ಮುಕ್ತಾಯವೂ ಬೇಡ.

ಮುಗಿಸುವುದು ಹೇಗೆ ಅಂತ ಕೇಳುತ್ತೀರಿ. ಡಿಕಿನ್ಸನ್‌ಗೆ ಏನಾಯಿತು ಎಂದು ಹೇಳಿ ಮುಗಿಸಿ ನೋಡಿ. ಪೇನ್‌ನ ಪುಸ್ತಕ ಬಂದು ಅರ್ಧ ವರ್ಷವಾದರೂ ಆತ ಒಪ್ಪಲಿಲ್ಲ. 1776ರ ಜುಲೈ 2ರಂದು ಸ್ವಾತಂತ್ರ್ಯಕ್ಕೆ ಮತ ಹಾಕುವಾಗ, ತಾನೂ ಸದಸ್ಯನಾಗಿದ್ದ ಕಾಂಗ್ರೆಸ್ಸಿನ ಸಭೆಗೇ ಬರಲಿಲ್ಲ. ಆದರೆ ಅದೇ ತಿಂಗಳು ತನ್ನ ಪಡೆ ಕಟ್ಟಿಕೊಂಡು ಬ್ರಿಟಿಷರ ವಿರುದ್ಧ ಹೊರಟ. ಇವನನ್ನು ಪುಸ್ತಕ ಗೆದ್ದಿತೋ ಸೋತಿತೋ, ನಿಮ್ಮ ಅಭಿಪ್ರಾಯ ಬರೆಯಿರಿ. ಈಗಿನದ್ದಕ್ಕಿಂತ ಉದ್ದ ಜಾಸ್ತಿ ಆಗದಿರಲಿ. ಮುಂದಿನ ಕರಡನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ.

ಇಂತಿ,
ಸಂಪಾದಕ