ಕೇಳದೇ ಸಿಕ್ಕ ಕೊಸರು

ಪ್ರಶ್ನೆ: ಮಗ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟು ಐದು ವಾರವಾಯಿತು. ಈಗೀಗ ಆನ್ ಮಾಡಿದ ತಕ್ಷಣ ಬಲಗಡೆ ಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದು ‘ನಿಮ್ಮ ರಕ್ಷಣೆ ಮುಗಿದಿದೆ, ಹಣ ಕಟ್ಟಿ ಮುಂದುವರಿಸಿ’ ಅನ್ನುತ್ತದೆ. ಮುಚ್ಚಿದರೆ ಅರ್ಧ ಗಂಟೆಗೆ ಮತ್ತೆ ಹಾಜರ್. ನಾನು ಕೇಳದ ಆಟಗಳು, ಸಿನಿಮಾ ಆ್ಯಪ್‌ಗಳೂ ತುಂಬಿಕೊಂಡಿವೆ. ಒಂದು ದಿನ ಹೆದರಿ ಎಟಿಎಂ ಕಾರ್ಡ್ ಕೈಗೆತ್ತಿಕೊಂಡಿದ್ದೆ. ಇವನ್ನೆಲ್ಲ ತೆಗೆದರೆ ಕಂಪ್ಯೂಟರ್ ಕೆಡುತ್ತದೆಯೆ? ಮಗನನ್ನು ಕೇಳಿದರೆ ‘ಮುಟ್ಟಬೇಡಮ್ಮ, ಬಂದಾಗ ನೋಡ್ತೀನಿ’ ಅಂತಾನೆ.
ನಿವೃತ್ತ ಶಿಕ್ಷಕಿ, ಗುಬ್ಬಿ

ಉತ್ತರ: ಮೊದಲು ಕಾರ್ಡನ್ನು ಪರ್ಸಿಗೆ ಹಾಕಿಬಿಡಿ ಮೇಡಂ. ನಿಮ್ಮದೇನೂ ಮುಗಿದಿಲ್ಲ. ಮುಗಿದಿರುವುದು ಯಾವುದೋ ಆಂಟಿವೈರಸ್‌ನವರು ಪುಕ್ಕಟೆ ಕೊಟ್ಟಿದ್ದ ಟ್ರಯಲ್. ಐದು ವಾರ ಅಂತ ನೀವು ಬರೆದದ್ದನ್ನು ಓದಿದಾಗಲೇ ಗೊತ್ತಾಯಿತು. ಮೂವತ್ತು ದಿನ ಗಪ್‌ಚಿಪ್ ಇದ್ದು ಮೂವತ್ತೊಂದನೇ ದಿನದಿಂದ ಬಾಗಿಲು ಬಡಿಯುವ ಜಾತಿ ಅದು. ವಿಂಡೋಸ್‌ಗೆ ತನ್ನದೇ ಕಾವಲುಗಾರ ಇದ್ದಾನೆ, ಡಿಫೆಂಡರ್ ಅಂತ. ದುಡ್ಡು ಕೇಳುವುದಿಲ್ಲ. ಬೇರೆ ಆಂಟಿವೈರಸ್ ಕೂತಿದ್ದರೆ ತಾನು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಅದು ಎದ್ದು ಹೋದರೆ ತಾನೇ ಬಂದು ಕೆಲಸ ಹಿಡಿಯುತ್ತಾನೆ. ನಿಮ್ಮ ಪಿಂಚಣಿ ಕಾಗದ, ಮೊಮ್ಮಗಳ ವಿಡಿಯೊ ಕಾಲ್‌ಗೆ ಅಷ್ಟು ಸಾಕು.

ಸಂತೆಯಲ್ಲಿ ಹುರುಳಿಕಾಯಿ ತೂಗಿಸಿಕೊಂಡ ಮೇಲೆ ‘ಇನ್ನೊಂದು ಹಿಡಿ ಹಾಕಪ್ಪ’ ಅಂತ ಕೊಸರು ಕೇಳುತ್ತೇವಲ್ಲ, ಲ್ಯಾಪ್‌ಟಾಪಿನಲ್ಲಿ ಬರುವುದು ಕೇಳದೇ ಹಾಕಿದ ಕೊಸರು. ಇದರಲ್ಲಿ ಅಂಗಡಿಯವನ ಧಾರಾಳ ಏನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಕಂಪನಿಗಳಿಗೆ ಸಿಗುವ ಲಾಭ ಕಡಿಮೆ, ಹಾಗಾಗಿ ಸಾಫ್ಟ್‌ವೇರ್‌ನವರಿಂದ ದುಡ್ಡು ಪಡೆದು ಅವರ ಸರಕನ್ನು ಒಳಗೆ ಕೂರಿಸಿ ಕಳಿಸುತ್ತಾರೆ. 2008ರಲ್ಲಿ ಸೋನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಕೊಸರು ಇಲ್ಲದ ಲ್ಯಾಪ್‌ಟಾಪ್ ಬೇಕಿದ್ದರೆ 50 ಡಾಲರ್ ಹೆಚ್ಚು ಕೊಡಿ ಅಂದಿದ್ದರು. ಜನ ಉಗಿದ ಮೇಲೆ ಆ ಶುಲ್ಕ ಕೈಬಿಟ್ಟರು. ಕಸ ಹಾಕಿದವನೇ ಗುಡಿಸಲು ಕೂಲಿ ಕೇಳಿದ ಹಾಗೆ!

ಬರೀ ಕಿರಿಕಿರಿಯಾದರೆ ಸಹಿಸಬಹುದು. ಆದರೆ 2015ರಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬುದು ಸಿಕ್ಕಿಬಿತ್ತು. ಜಾಹೀರಾತು ತೋರಿಸುವುದಕ್ಕೆ ಅದು ತನ್ನದೇ ಸರ್ಟಿಫಿಕೇಟನ್ನು (ತಾಣ ಅಸಲಿ ಅಂತ ಹೇಳುವ ಗುರುತುಪತ್ರ) ವಿಂಡೋಸ್‌ನೊಳಗೆ ತೂರಿಸಿ, ಬೀಗದ ಗುರುತಿರುವ ಪುಟಗಳಿಗೂ ನಮಗೂ ನಡುವೆ ಕೂತುಬಿಡುತ್ತಿತ್ತು. ಬ್ಯಾಂಕಿನ ಪುಟವೂ ಅದಕ್ಕೆ ಹೊರತಲ್ಲ. ಆ ಪ್ರೋಗ್ರಾಮನ್ನು ತೆಗೆದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು, ಅದನ್ನು ಬೇರೆಯಾಗಿಯೇ ಕೀಳಬೇಕಿತ್ತು. ಅಮೆರಿಕದ ವ್ಯಾಪಾರ ಆಯೋಗ ಮತ್ತು 32 ರಾಜ್ಯಗಳ ಜೊತೆ ಕಂಪನಿ 2017ರಲ್ಲಿ ರಾಜಿ ಮಾಡಿಕೊಂಡಿತು. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ‘ಕಂಪನಿಯವರೇ ಹಾಕಿದ್ದಾರೆ, ಒಳ್ಳೆಯದಕ್ಕೇ ಇರಬೇಕು’ ಅನ್ನುವವರು ನನ್ನ ಅಂಗಡಿಗೆ ವಾರಕ್ಕಿಬ್ಬರು ಬರುತ್ತಾರೆ.

ಈಗ ಕೆಲಸಕ್ಕೆ ಬನ್ನಿ. ಹಾಜರಿ ಪುಸ್ತಕ ಬರೆದ ಕೈ ನಿಮ್ಮದು, ಒಂದು ನೋಟ್‌ಬುಕ್ ಪಕ್ಕಕ್ಕೆ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್ ಒತ್ತಿ, ಅದರೊಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್ ಒತ್ತಿ. ಪಟ್ಟಿ ಬರುತ್ತದೆ. ಪ್ರತಿ ಹೆಸರಿನ ಬಲಕ್ಕೆ ಮೂರು ಚುಕ್ಕಿ, ಅದನ್ನು ಒತ್ತಿದರೆ ಅನ್‌ಇನ್‌ಸ್ಟಾಲ್. ಆಂಟಿವೈರಸ್‌ನಿಂದಲೇ ಶುರು ಮಾಡಿ. ‘ಹೋಗ್ಲೇಬೇಕಾ? ಅಪಾಯ ಇದೆ’ ಅಂತ ಅದು ಗೋಗರೆಯುತ್ತದೆ. ಉಳಿಸಿಕೊಳ್ಳುವ ಬಟನ್ ದಪ್ಪಗೆ ಬಣ್ಣದಲ್ಲಿದ್ದು, ತೆಗೆಯುವ ಬಟನ್ ಬೂದು ಬಣ್ಣದಲ್ಲಿ ಸಣ್ಣಗೆ ಮೂಲೆಯಲ್ಲಿರುವುದೂ ಉಂಟು. ಕನ್ನಡಕ ಹಾಕಿಕೊಂಡು ಓದಿ ಒತ್ತಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಗುರುತು ಇದೆಯಾ ನೋಡಿ. ಆಮೇಲೆ ಆಟಗಳು, ಶಾಪಿಂಗ್, ಸಿನಿಮಾ. ದಿನಕ್ಕೆ ಎರಡು ಮೂರು ತೆಗೆದು, ಹೆಸರು ಬರೆದಿಟ್ಟು, ಒಂದು ದಿನ ಬಳಸಿ ನೋಡಿ. ಏನಾದರೂ ಎಡವಟ್ಟಾದರೆ ಯಾವುದರಿಂದ ಅಂತ ಪುಸ್ತಕವೇ ಹೇಳುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಕಾಣುವ ಕೆಲವು ಚಿತ್ರಗಳು ಇನ್ನೂ ಇನ್‌ಸ್ಟಾಲೇ ಆಗಿರುವುದಿಲ್ಲ, ಒತ್ತಿದರೆ ಮಾತ್ರ ಇಳಿಯುತ್ತವೆ. ಅವುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಪಿನ್ ಅಂದರೆ ಮುಗಿಯಿತು.

ರಾಗಿ ಹೊಲದಲ್ಲಿ ಕಳೆಯೂ ರಾಗಿಯ ಹಾಗೇ ಕಾಣುತ್ತದೆ ನೋಡಿ, ಇಲ್ಲೂ ಅದೇ ಕಷ್ಟ. ರಿಯಲ್‌ಟೆಕ್ ಅಂತಿದ್ದರೆ ಸಾಮಾನ್ಯವಾಗಿ ಸೌಂಡಿನದು, ಅದು ಇರಲಿ. ಇಂಟೆಲ್, ಎಎಂಡಿ, ಸಿನಾಪ್ಟಿಕ್ಸ್, ವಿಷುವಲ್ ಸಿ ಪ್ಲಸ್ ಪ್ಲಸ್ ಅಂತೆಲ್ಲ ಇರುವುದನ್ನು ಮುಟ್ಟಬೇಡಿ. ಮೈಕ್ರೋಸಾಫ್ಟ್ ಆಫೀಸ್ ಬಂದಿದೆಯಾ ಅಂತ ಬಿಲ್ಲಿನಲ್ಲಿ ನೋಡಿ. ಬಂದಿದ್ದರೆ ಅದು ಕೊಸರಲ್ಲ, ದುಡ್ಡು ಕೊಟ್ಟು ಕೊಂಡ ಮಾಲು. ಗಡುವು ಇರುತ್ತದೆ, ಮಗನಿಗೆ ಹೇಳಿ ಬೇಗ ಆಕ್ಟಿವೇಟ್ ಮಾಡಿಸಿಕೊಳ್ಳಿ.

ಇನ್ನು ಫೈಲುಗಳ ಪ್ರತಿಯನ್ನು ಇಂಟರ್‌ನೆಟ್‌ನಲ್ಲಿ ಇಡುವ, ಮೋಡದ ಚಿತ್ರದ ಒನ್‌ಡ್ರೈವ್. ಇದರಲ್ಲಿ ನಾನೇ ಬೆಪ್ಪನಾಗಿದ್ದೇನೆ. ತಿಪಟೂರಿನ ಕೊಬ್ಬರಿ ಮಂಡಿಯೊಂದರ ಗುಮಾಸ್ತರು ಲ್ಯಾಪ್‌ಟಾಪ್ ತಂದು ‘ಸ್ಲೋ ಆಗಿದೆ, ಬೇಡದ್ದೆಲ್ಲ ತೆಗೀರಿ ಸಾರ್’ ಅಂದರು. ಸಂಜೆ ಹೊತ್ತು, ಬಿ.ಎಚ್. ರಸ್ತೆಯ ಅಂಗಡಿ ಮುಂದೆ ಇನ್ನೂ ನಾಲ್ಕು ಜನ. ಬೇರೆಯವುಗಳ ಜೊತೆ ಒನ್‌ಡ್ರೈವನ್ನೂ ಸೈನ್ ಔಟ್ ಮಾಡಿ ಎತ್ತಿಬಿಟ್ಟೆ. ರೀಸ್ಟಾರ್ಟ್ ಆದಾಗ ಡೆಸ್ಕ್‌ಟಾಪ್ ಬಟಾಬಯಲು. ರೀಸೈಕಲ್ ಬಿನ್ ಒಂದು ಬಿಟ್ಟರೆ ಏನೂ ಇಲ್ಲ. ‘ಸಾರ್, ನನ್ನ ಜಿಎಸ್‌ಟಿ ಫೈಲು?’ ಅಂದರು ಅವರು. ದನಿ ಎತ್ತಲಿಲ್ಲ, ಅದೇ ಹೆಚ್ಚು ಹೆದರಿಸಿತು. ಆಗಿದ್ದು ಇಷ್ಟೆ. ಒನ್‌ಡ್ರೈವಿನಲ್ಲಿ ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಅದರ ಫೋಲ್ಡರಿನೊಳಗೆ ವಾಸ ಬದಲಿಸಿರುತ್ತವೆ. ಫೈಲುಗಳು ಅಳಿದಿರಲಿಲ್ಲ. ಅರ್ಧ ಆ ಫೋಲ್ಡರಿನಲ್ಲೇ ಇದ್ದವು, ಉಳಿದರ್ಧ ಇಂಟರ್‌ನೆಟ್‌ನಲ್ಲಿ ಮಾತ್ರ ಇದ್ದವು. ಅವರ ಪಾಸ್‌ವರ್ಡ್ ನೆನಪಿಸಿಕೊಳ್ಳಲು ಎರಡು ಟೀ ಬೇಕಾಯಿತು, ಎಲ್ಲ ಇಳಿಸಿಕೊಳ್ಳುವ ಹೊತ್ತಿಗೆ ತಿಪಟೂರಿನ ಕೊನೇ ರೈಲೂ ಹೋಗಿತ್ತು.

ಹಾಗಾಗಿ ಒನ್‌ಡ್ರೈವ್ ತೆಗೆಯುವ ಮುಂಚೆ ಫೈಲುಗಳ ಪಕ್ಕದ ಗುರುತು ನೋಡಿ. ನೀಲಿ ಮೋಡ ಇದ್ದರೆ ಆ ಫೈಲು ನಿಮ್ಮ ಮನೆಯಲ್ಲಿ ಇಲ್ಲ ಅಂತ ಅರ್ಥ, ಹಸಿರು ಗುರುತಿದ್ದರೆ ಇದೆ. ಮೋಡದವನ್ನೆಲ್ಲ ರೈಟ್ ಕ್ಲಿಕ್ ಮಾಡಿ ಸದಾ ಈ ಸಾಧನದಲ್ಲೇ ಇಡು ಎಂಬುದನ್ನು ಆರಿಸಿ. ಇಳಿದ ಮೇಲೆ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ಆಫ್ ಮಾಡಿ, ಆಮೇಲೆ ತೆಗೆಯಿರಿ. ಅಥವಾ ಈ ಒಂದು ಕೆಲಸವನ್ನು ಮಗ ಬರುವವರೆಗೆ ಇಟ್ಟುಕೊಳ್ಳಿ. ಪಾಪ, ಅವನಿಗೂ ಏನಾದರೂ ಉಳಿಯಲಿ.

ಪ್ರಶ್ನೆ: ಲ್ಯಾಪ್‌ಟಾಪನ್ನು ಎರಡು ಸಲ ರೀಸೆಟ್ ಮಾಡಿದೆ. ಎರಡು ಸಲವೂ ಕಂಪನಿಯ ಬೇಡದ ಆ್ಯಪ್‌ಗಳೆಲ್ಲ ವಾಪಸ್ ಬಂದವು. ಯೂಟ್ಯೂಬ್‌ನಲ್ಲಿ ಒಂದೇ ಸಾಲಿನ ಕಮಾಂಡ್ ಹಾಕಿದರೆ ಎಲ್ಲ ಹೋಗುತ್ತದೆ ಅಂತಾರೆ. ಹಾಕಲಾ?
ಬಿ.ಕಾಂ. ವಿದ್ಯಾರ್ಥಿ, ಶಿರಾ

ಉತ್ತರ: ಬೇಡ ತಮ್ಮಾ. ಆ ಸಾಲು ಎಲ್ಲಿಂದಲೋ ಒಂದು ಸ್ಕ್ರಿಪ್ಟನ್ನು (ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ) ಎಳೆದು ತಂದು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸುತ್ತದೆ. ಓದಿ ಅರ್ಥ ಮಾಡಿಕೊಳ್ಳಲಾಗದ ಕಾಗದಕ್ಕೆ ಸಹಿ ಹಾಕ್ತೀಯಾ? ಚೆನ್ನಾಗಿರುವ ಸ್ಕ್ರಿಪ್ಟ್‌ಗಳೂ ಇವೆ, ಆದರೆ ಸ್ಟೋರ್ ಹೋಯಿತು, ಅಪ್‌ಡೇಟ್ ನಿಂತಿತು ಅಂತ ನನ್ನ ಟೇಬಲ್ಲಿಗೆ ಬಂದ ಮಷೀನುಗಳನ್ನು ನೋಡಿ ನೋಡಿ ನನಗೆ ಅವುಗಳ ಮೇಲೆ ಪ್ರೀತಿ ಉಳಿದಿಲ್ಲ.

ರೀಸೆಟ್ ಮಾಡಿದರೆ ಅವು ವಾಪಸ್ ಬರಲು ಕಾರಣ, ಕಂಪನಿಯವರು ತಮ್ಮ ಸರಕಿನ ಗಂಟನ್ನು ಡಿಸ್ಕಿನ ರಿಕವರಿ ಜಾಗದಲ್ಲೇ ಇಟ್ಟಿರುತ್ತಾರೆ. ರೀಸೆಟ್ ಮಾಡುವಾಗ ಚೇಂಜ್ ಸೆಟ್ಟಿಂಗ್ಸ್ ಅಂತ ಸಣ್ಣದಾಗಿ ಬರುತ್ತದೆ. ಅದರೊಳಗೆ ಮೊದಲೇ ಇದ್ದ ಆ್ಯಪ್‌ಗಳನ್ನು ಮರಳಿಸಬೇಕೆ ಅಂತ ಕೇಳಿದರೆ ಬೇಡ ಅನ್ನು. ಎಲ್ಲ ಮಷೀನಿನಲ್ಲೂ ಅದು ಕಾಣುವುದಿಲ್ಲ. ಕಾಣದಿದ್ದರೆ ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸ್ 11 ಇಳಿಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಮಾಡಿಕೊಂಡು ಹೊಸದಾಗಿ ಹಾಕು. ಇಳಿಯುವುದೇ 4 ಜಿಬಿಗೂ ಹೆಚ್ಚು, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದರೆ ಮಧ್ಯದಲ್ಲೇ ನಿಲ್ಲುತ್ತದೆ. ವೈಫೈ ಇರುವ ಗೆಳೆಯನ ಮನೆ ಹುಡುಕು. ಲೈಸೆನ್ಸ್ ಚಿಂತೆ ಬೇಡ, ವಿಂಡೋಸ್ ಹಾಕಿಕೊಂಡೇ ಬಂದ ಲ್ಯಾಪ್‌ಟಾಪ್ ಆದರೆ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ವೈಫೈ ಡ್ರೈವರನ್ನು (ವೈಫೈ ನಡೆಸುವ ಸಾಫ್ಟ್‌ವೇರ್) ಮಾತ್ರ ಮೊದಲೇ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೋ. ಮರೆತವರು ಹೊಸ ವಿಂಡೋಸ್ ಮುಂದೆ ನೆಟ್ ಇಲ್ಲದೆ ಕೂತಿರುವುದನ್ನು ಕಂಡಿದ್ದೇನೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀ ನಿನ್ನ ಖಾತೆಯಲ್ಲಿದೆಯಾ ಅಂತಲೂ ನೋಡಿ ಬರೆದಿಟ್ಟುಕೋ. ಇಷ್ಟಾದರೂ ಕೆಲವು ಕಂಪನಿಗಳ ಸಹಾಯಕ ಆ್ಯಪ್ ಮದರ್‌ಬೋರ್ಡಿನೊಳಗಿನ ಬಯಾಸ್‌ನಿಂದಲೇ ಇಳಿದು ಬರುತ್ತದೆ. ಬಂದರೆ ಅದೊಂದನ್ನು ಕೈಯಿಂದ ತೆಗೆ.

ಪ್ರಶ್ನೆ: ಜೆರಾಕ್ಸ್ ಅಂಗಡಿಗೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ತಂದೆ. ಅಂಗಡಿಯವರು ಆಫೀಸ್, ಕ್ಲೀನರ್, ನುಡಿ ಎಲ್ಲ ಫ್ರೀ ಹಾಕಿಕೊಟ್ಟಿದ್ದಾರೆ. ಯಾವುದು ತೆಗೆಯಲಿ?
ಓದುಗರು, ಕೊರಟಗೆರೆ

ಉತ್ತರ: ಕ್ಲೀನರ್ ಇವತ್ತೇ ತೆಗೆಯಿರಿ. ನುಡಿ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿಗಳು ಯೂನಿಕೋಡ್ ಅಲ್ಲ. ಫಾಂಟ್ ಹೋದರೆ ಜಾತಿ ಪ್ರಮಾಣಪತ್ರದ ಅರ್ಜಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕೂರುತ್ತದೆ, ಗಿರಾಕಿ ಎದುರಿಗೇ ನಿಂತಿರುತ್ತಾನೆ.

ಫ್ರೀ ಆಫೀಸ್ ವಿಷಯ ಬೇರೆ. ದುಡ್ಡಿನ ಆಫೀಸನ್ನು ಪುಕ್ಕಟೆ ಓಡಿಸುವ ಕಳ್ಳ ಆಕ್ಟಿವೇಟರ್ ಹಾಕುವವರು ಡಿಫೆಂಡರ್ ಅಡ್ಡ ಬರಬಾರದೆಂದು ಅದರ ಕಣ್ಣು ಕಟ್ಟಿ ಹೋಗಿರುತ್ತಾರೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ರಕ್ಷಣೆಯ ಮ್ಯಾನೇಜ್ ಸೆಟ್ಟಿಂಗ್ಸ್ ತೆರೆದು ಕೆಳಗೆ ಎಕ್ಸ್‌ಕ್ಲೂಷನ್ಸ್ (ಡಿಫೆಂಡರ್ ತಪಾಸಣೆ ಮಾಡದೆ ಬಿಡುವ ಜಾಗಗಳ ಪಟ್ಟಿ) ನೋಡಿ. ಇಡೀ ಸಿ ಡ್ರೈವನ್ನೇ ಅಲ್ಲಿ ಬರೆದು ಹೋಗಿದ್ದನ್ನು ನಾನೇ ಅಳಿಸಿದ್ದೇನೆ. ಊರಿನವರ ಪೆನ್‌ಡ್ರೈವ್‌ಗಳೆಲ್ಲ ಚುಚ್ಚುವ ಮಷೀನು ನಿಮ್ಮದು. ಅಲ್ಲಿ ಏನಾದರೂ ಕಂಡರೆ ಅರ್ಜಿಗಳ ಫೈಲುಗಳನ್ನಷ್ಟೇ ಎತ್ತಿಟ್ಟುಕೊಂಡು, ಡಿಸ್ಕ್ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹೊಸದಾಗಿ ಹಾಕಿಸಿ. ಟೈಪಿಂಗ್‌ಗೆ ಲಿಬ್ರೆ ಆಫೀಸ್ ಸಾಕು, ಅದು ನಿಜವಾಗಿ ಫ್ರೀ. ನುಡಿಯನ್ನು ಆ ಅಂಗಡಿಯವರ ಸಿಡಿಯಿಂದ ಹಾಕಿಸದೆ ಬೇರೆಯಾಗಿ ಇಳಿಸಿಕೊಳ್ಳಿ.