ಎರಡು ಲೈನ್ ತಗೊಂಡ್ರೆ ಸಾಲದು, ರೌಟರ್ ಬಾಯಿಗೆ ಬೀಗವೂ ಬೇಕು

ಪ್ರಶ್ನೆ: ನಾನು ಚಿಂತಾಮಣಿಯಲ್ಲಿ ಕೇಬಲ್ ಜೊತೆ ಇಂಟರ್ನೆಟ್ ಕೂಡ ಕೊಡುತ್ತೇನೆ. ಸ್ವಂತ ಎಎಸ್ ನಂಬರ್ (ಇಂಟರ್ನೆಟ್ಟಿನಲ್ಲಿ ನಮ್ಮ ನೆಟ್‌ವರ್ಕಿನ ಗುರುತಿನ ಸಂಖ್ಯೆ) ಇದೆ, ಒಂದು /22 ಐಪಿ (ಐಪಿ ವಿಳಾಸಗಳ ಒಂದು ಗುಂಪು) ಇದೆ. ಬೆಂಗಳೂರಿನ ಎರಡು ಕಂಪನಿಗಳಿಂದ ಲೈನ್ ತೆಗೆದುಕೊಂಡಿದ್ದೇನೆ. ಎರಡನೇ ಕಂಪನಿಯವರು ಬಿಜಿಪಿ ಸೆಷನ್ (ಯಾವ ವಿಳಾಸಕ್ಕೆ ಯಾವ ದಾರಿ ಅಂತ ನೆಟ್‌ವರ್ಕ್‌ಗಳ ರೌಟರ್‌ಗಳು ಹೇಳಿಕೊಳ್ಳೋ ಸಂಪರ್ಕ) ಅನ್ನು ಬೇಕಂತಲೇ ಕಟ್ ಮಾಡುತ್ತಾರೆ. ಕೇಳಿದರೆ ‘ನಿಮ್ಮ ಕಡೆ ಲೀಕ್ ಇದೆ’ ಅನ್ನುತ್ತಾರೆ. ಫೈಬರ್ ಎಲ್ಲೂ ತುಂಡಾಗಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅವರಿಗೆ ಒಂದು ಥ್ಯಾಂಕ್ಸ್ ಹೇಳಿ. ಇದೇ ದೂರು ಮಾಲೂರು, ಶಿರಾ, ಗುಬ್ಬಿ ಕಡೆಯಿಂದಲೂ ಬರುತ್ತಲೇ ಇದೆ. ಎಲ್ಲರೂ ಬೈಯೋದು ಕಂಪನಿಯನ್ನೇ. ತಮ್ಮ ರೌಟರ್ ಲಾಗ್ ತೆರೆದು ನೋಡಿದವರು ಮಾತ್ರ ಸಿಗುತ್ತಿಲ್ಲ. ನೀವಾದರೂ ನೋಡಿ. ‘ಸೀಸ್’ ಅಂತ ಒಂದು ನೋಟಿಫಿಕೇಷನ್ ಬಂದಿರುತ್ತದೆ, ಕೋಡ್ 6, ಸಬ್‌ಕೋಡ್ 1. ಹೇಳಿಕೊಳ್ಳಬಹುದಾದ ಮಿತಿಗಿಂತ ಜಾಸ್ತಿ ಪ್ರಿಫಿಕ್ಸ್ (ವಿಳಾಸಗಳ ಗುಂಪು) ಹೇಳಿದ್ದೀರಿ ಅಂತ ಅದರರ್ಥ.

ನಿಮ್ಮದು ಇರೋದೇ ಒಂದು /22, ಅಂದರೆ 1,024 ವಿಳಾಸ. ನೀವು ಜಗತ್ತಿಗೆ ಹೇಳಬೇಕಾದದ್ದು ಅಷ್ಟೇ. ಆದರೆ ಮೊದಲನೇ ಕಂಪನಿ ನಿಮಗೆ ಇಡೀ ಇಂಟರ್ನೆಟ್ಟಿನ ಟೇಬಲ್, ಅಂದರೆ ದಾರಿಗಳ ಪಟ್ಟಿ ಕಳಿಸುತ್ತದೆ. ಐಪಿವಿ4 ಒಂದರಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಸಾಲು. ಔಟ್ ಫಿಲ್ಟರ್ (ಹೊರಗೆ ಏನು ಹೇಳಬಹುದು ಅನ್ನೋ ನಿಯಮ) ಹಾಕಿಲ್ಲ ಅಂದರೆ ಎಷ್ಟೋ ರೌಟರ್‌ಗಳು ಕೇಳಿಸಿಕೊಂಡಿದ್ದನ್ನೆಲ್ಲ ಎರಡನೇ ಕಂಪನಿಗೆ ಒಪ್ಪಿಸಿಬಿಡುತ್ತವೆ. ‘ಗೂಗಲ್ ನನ್ನ ಮೂಲಕ ಸಿಗುತ್ತೆ, ಬ್ಯಾಂಕ್ ನನ್ನ ಮೂಲಕ ಸಿಗುತ್ತೆ’ ಅಂತ ನಿಮ್ಮ ರೌಟರ್ ಸಾರಿದ ಹಾಗೆ. ರೌಟ್ ಲೀಕ್ ಅಂದರೆ ಇದೇ.

ಅದನ್ನು ಯಾರು ನಂಬುತ್ತಾರೆ ಅಂತೀರಾ? ಎರಡನೇ ಕಂಪನಿಯೇ ನಂಬುತ್ತದೆ. ನೀವು ಅದಕ್ಕೆ ಗಿರಾಕಿ. ಗಿರಾಕಿ ಹೇಳಿದ ದಾರಿಗೇ ಕಂಪನಿಗಳ ರೌಟರ್ ಮೊದಲ ಮಣೆ ಹಾಕುತ್ತವೆ, ಯಾಕೆಂದರೆ ಆ ದಾರಿಯಲ್ಲಿ ಹೋದ ಡೇಟಾಕ್ಕೆ ದುಡ್ಡು ಬರುತ್ತದೆ. ಮಿತಿ ಹಾಕಿರದಿದ್ದರೆ ಆ ಕಂಪನಿಯ ಟ್ರಾಫಿಕ್ ನಿಮ್ಮ ಪುಟ್ಟ ಲಿಂಕಿಗೆ ನುಗ್ಗುತ್ತಿತ್ತು. ಹೆದ್ದಾರಿಯ ಲಾರಿಗಳೆಲ್ಲ ಚಿಂತಾಮಣಿಯ ಗಲ್ಲಿಗೆ ತಿರುಗಿದ ಹಾಗೆ. ನಿಮ್ಮ ಮನೆಮನೆ ಗಿರಾಕಿಗಳೂ ಅದರಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಸೆಷನ್ ಬಿದ್ದು, ತಾನೇ ಎದ್ದು, ಮತ್ತೆ ಬೀಳುತ್ತಿದ್ದರೆ ಕಾರಣ ಇಷ್ಟೇ: ಎದ್ದಾಗಲೆಲ್ಲ ನೀವು ಮತ್ತೆ ಅಷ್ಟನ್ನೂ ಒದರುತ್ತಿದ್ದೀರಿ.

‘ನಮ್ಮಂಥ ಚಿಕ್ಕವರಿಂದ ಏನಾಗುತ್ತೆ’ ಅನ್ನಬೇಡಿ. 2019ರ ಜೂನ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಗಿದ್ದು ಇದೇ. ಅಲೆಗೆನಿ ಅನ್ನೋ ಲೋಹದ ಕಂಪನಿಗೂ ನಿಮ್ಮ ಹಾಗೆ ಎರಡು ಲೈನ್ ಇದ್ದವು. ಒಂದು ಡಿಕ್ಯೂಇ ಅನ್ನೋ ಸಣ್ಣ ಐಎಸ್‌ಪಿಯದು, ಇನ್ನೊಂದು ದೊಡ್ಡ ಟೆಲಿಕಾಂ ಕಂಪನಿ ವೆರಿಜಾನ್‌ದು. ಡಿಕ್ಯೂಇ ಬಿಜಿಪಿ ಆಪ್ಟಿಮೈಜರ್ (ಒಳ್ಳೆಯ ದಾರಿ ಆರಿಸೋ ಸಾಧನ) ಇಟ್ಟುಕೊಂಡಿತ್ತು. ಅದು ಬೇರೆಯವರ ವಿಳಾಸಗಳನ್ನು ತನ್ನ ಅನುಕೂಲಕ್ಕೆ ಚಿಕ್ಕ ತುಂಡು ಮಾಡಿಕೊಂಡಿತ್ತು. ಆ ತುಂಡುಗಳು ಅಲೆಗೆನಿಗೆ ಹೋದವು, ಅಲ್ಲಿಂದ ವೆರಿಜಾನ್‌ಗೆ. ವೆರಿಜಾನ್ ಯಾವ ಮಿತಿಯನ್ನೂ ನೋಡದೆ ಲೋಕಕ್ಕೆಲ್ಲ ಹೇಳಿತು. ದೊಡ್ಡ ವಿಳಾಸಕ್ಕಿಂತ ತುಂಡು ವಿಳಾಸಕ್ಕೇ ರೌಟರ್‌ಗಳು ಬೆಲೆ ಕೊಡೋದು. ವೆಬ್‌ಸೈಟ್‌ಗಳಿಗೆ ಸೇವೆ ಕೊಡೋ ಕ್ಲೌಡ್‌ಫ್ಲೇರ್ ಒಂದೇ ತನ್ನ ಜಾಗತಿಕ ಟ್ರಾಫಿಕ್‌ನ ಸುಮಾರು 15 ಶೇಕಡಾ ಕಳೆದುಕೊಂಡಿತು. ನಿಮ್ಮ ಎರಡನೇ ಕಂಪನಿ ಹಾಕಿದಂಥ ಮಿತಿ ಅಲ್ಲಿದ್ದಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು.

ಈಗ ಕೆಲಸದ ಮಾತು. ಎರಡೂ ಕಡೆ ಔಟ್ ಫಿಲ್ಟರ್ ಹಾಕಿ. ನಿಮ್ಮ /22 ಮಾತ್ರ ಹೊರಗೆ ಹೋಗಬೇಕು, ಉಳಿದದ್ದೆಲ್ಲ ರಿಜೆಕ್ಟ್. ಮೊದಲು ಫಿಲ್ಟರ್, ಆಮೇಲೆ ಸೆಷನ್. ಈ ಕ್ರಮ ತಪ್ಪಿಸಬೇಡಿ. ಪಾಲಿಸಿ (ಫಿಲ್ಟರ್ ನಿಯಮ) ಇಲ್ಲದೆ ಏನನ್ನೂ ಹೇಳಬಾರದು, ಕೇಳಬಾರದು ಅಂತ 2017ರಲ್ಲೇ ಆರ್‌ಎಫ್‌ಸಿ 8212 ಅನ್ನೋ ಇಂಟರ್ನೆಟ್ ಮಾನದಂಡ ಬಂದಿದೆ. ನಿಮ್ಮ ಹಳೇ ರೌಟರ್ ಅದನ್ನು ಪಾಲಿಸುತ್ತೆ ಅಂತ ನಂಬಿ ಕೂರಬೇಡಿ. ಇನ್ನೊಂದು ಮಾತು, ನಿಮಗೆ ಪೂರ್ತಿ ಟೇಬಲ್ ಯಾಕೆ ಬೇಕು? ಎರಡೂ ಕಡೆಯಿಂದ ಡಿಫಾಲ್ಟ್ ರೌಟ್ (‘ಉಳಿದದ್ದಕ್ಕೆಲ್ಲ ಈ ಕಡೆ’ ಅನ್ನೋ ಒಂದೇ ಸಾಲು) ತಗೊಳ್ಳಿ, ಸಾಕು. ಕೈಯಲ್ಲಿ ಇಲ್ಲದ್ದು ಲೀಕ್ ಆಗಲ್ಲ. ‘ಫುಲ್ ಟೇಬಲ್ ಇದ್ದರೆ ಸ್ಪೀಡ್ ಜಾಸ್ತಿ’ ಅಂತ ಬಾಕ್ಸ್ ಮಾರಲು ಬರುವವರಿಗೆ ಕಾಫಿ ಕೊಟ್ಟು ಕಳಿಸಿ, ಚೆಕ್ ಕೊಡಬೇಡಿ.

‘ಆರ್‌ಒಎ (ಒಂದು ವಿಳಾಸವನ್ನು ಸಾರುವ ಹಕ್ಕು ಯಾವ ಎಎಸ್‌ಗಿದೆ ಅನ್ನೋ ಸಹಿ ಮಾಡಿದ ದಾಖಲೆ) ಮಾಡಿಸಿದ್ದೇನೆ, ಇನ್ನು ಲೀಕ್ ಆಗಲ್ಲ’ ಅಂತ ಕೆಲವರು ಎದೆ ತಟ್ಟಿ ಹೇಳುತ್ತಾರೆ. ಆರ್‌ಒಎ ಮಾಡಿಸಲೇಬೇಕು, ಸರಿ. ಆದರೆ ಅದು ಹೇಳೋದು ಈ ವಿಳಾಸದ ಮೂಲ ಯಾರು ಅಂತ ಮಾತ್ರ. 2008ರಲ್ಲಿ ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬ್‌ನ ವಿಳಾಸವನ್ನು ತನ್ನದೇ ಅಂತ ಸಾರಿತಲ್ಲ, ಅಂಥದ್ದನ್ನು ಹಿಡಿಯಲು ಅದು ಸರಿ. ನಿಮ್ಮ ಕೇಸಿನಲ್ಲಿ ಮೂಲ ಗೂಗಲ್ಲೇ ಇದೆ, ನಡುವಿನ ದಾರಿ ತಪ್ಪಿದೆ. ಆರ್‌ಒಎ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸಾಗುತ್ತದೆ.

ಎಲ್ಲ ಮುಗಿದ ಮೇಲೆ ಎರಡನೇ ಕಂಪನಿಯ ಲುಕಿಂಗ್ ಗ್ಲಾಸ್‌ನಲ್ಲಿ (ಅವರ ರೌಟರ್‌ಗೆ ಕಾಣೋ ದಾರಿಗಳನ್ನು ತೋರಿಸೋ ವೆಬ್ ಪುಟ) ನಿಮ್ಮ ಎಎಸ್ ಮೂಲಕ ಏನೇನು ಬರುತ್ತಿದೆ ಅಂತ ನೋಡಿ. ಅಲ್ಲಿ ನಿಮ್ಮ /22 ಬಿಟ್ಟು ಬೇರೆ ಒಂದು ಸಾಲು ಕಂಡರೂ ಫೋನ್ ಕೈಗೆತ್ತಿಕೊಳ್ಳಬೇಡಿ, ಫಿಲ್ಟರ್ ಮತ್ತೆ ಓದಿ. ಮತ್ತೆ ದಯವಿಟ್ಟು ಇದನ್ನು ಸಂಜೆ ಹೊತ್ತು ಮಾಡಬೇಡಿ, ಊರೆಲ್ಲ ಮೊಬೈಲ್ ಹಿಡಿದು ಕೂತಿರುತ್ತದೆ.

ಪ್ರಶ್ನೆ (ತಿಪಟೂರು): ಡಿಎನ್‌ಎಸ್ 8.8.8.8 ಮಾಡಿದರೆ ರೌಟ್ ಲೀಕ್ ಸರಿಹೋಗುತ್ತಾ?

ಉತ್ತರ: ಇಲ್ಲ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳೋ ವ್ಯವಸ್ಥೆ, 8.8.8.8 ಗೂಗಲ್‌ನದು. ಅದು ವಿಳಾಸ ಹೇಳುತ್ತದೆ, ದಾರಿ ಅಲ್ಲ.

ಪ್ರಶ್ನೆ (ಕೋಲಾರ): 2021ರಲ್ಲಿ ಫೇಸ್‌ಬುಕ್ ಬಿದ್ದಿದ್ದೂ ಲೀಕಿನಿಂದಲೇ ಅಲ್ವಾ?

ಉತ್ತರ: ಅಲ್ಲ. ಅಲ್ಲಿ ಅವರು ತಮ್ಮದೇ ರೌಟ್‌ಗಳನ್ನು ವಾಪಸ್ ತೆಗೆದುಕೊಂಡುಬಿಟ್ಟರು. ಇಲ್ಲದ್ದನ್ನು ಸಾರಿದ್ದಲ್ಲ, ಇದ್ದದ್ದನ್ನು ಅಳಿಸಿದ್ದು.

ಪ್ರಶ್ನೆ (ಕುಣಿಗಲ್): ಲೀಕ್ ಆದಾಗ ನಮ್ಮ ಬ್ಯಾಂಕ್ ಪಾಸ್‌ವರ್ಡ್ ಕದಿಯಬಹುದಾ?

ಉತ್ತರ: ಬರೀ ಲೀಕಿನಲ್ಲಿ ಸಾಮಾನ್ಯವಾಗಿ ನಿಧಾನ ಆಗುತ್ತೆ ಅಥವಾ ನಿಂತುಹೋಗುತ್ತೆ, ಅಷ್ಟೇ. ಬೇಕಂತಲೇ ಮಾಡಿದರೆ ಕಥೆ ಬೇರೆ. 2018ರ ಏಪ್ರಿಲ್‌ನಲ್ಲಿ ಅಮೆಜಾನ್‌ನ ಡಿಎನ್‌ಎಸ್ ವಿಳಾಸಗಳ ದಾರಿಯನ್ನೇ ತಿರುಗಿಸಿ, ಮೈಈಥರ್‌ವ್ಯಾಲೆಟ್ ಅನ್ನೋ ಕ್ರಿಪ್ಟೋ ಹಣದ ಸೈಟಿಗೆ ಹೋದವರನ್ನು ನಕಲಿ ಪುಟಕ್ಕೆ ಒಯ್ದರು. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಎಚ್ಚರಿಸಿತ್ತು. ಸುಮ್ನೆ ‘ಮುಂದುವರಿಸಿ’ ಒತ್ತಿದವರ ದುಡ್ಡು ಹೋಯಿತು. ನೀವು ಒತ್ತಬೇಡಿ. ಪುಟ ಮುಚ್ಚಿ, ಅವತ್ತಿನ ವ್ಯವಹಾರ ಬ್ಯಾಂಕಿಗೇ ಹೋಗಿ ಮಾಡಿ.