ಸ್ಮಾರ್ಟ್ ಟಿವಿ ಮತ್ತು ಟ್ಯಾಬ್‌ಗಳನ್ನು ಬಳಸಿ ಪದ್ಯ ಓದುವುದನ್ನು ಕಲಿಸುವುದು ಹೇಗೆ?

ಸುರಪುರ ತಾಲ್ಲೂಕಿನ ಪ್ರೌಢಶಾಲೆಗೆ ಹೊಸದಾಗಿ ಬಂದಿರುವ ಕನ್ನಡ ಶಿಕ್ಷಕರಾದ ತಾವು, ಶಾಲೆಗೆ ಒಂದು ಸ್ಮಾರ್ಟ್ ಟಿವಿ ಮತ್ತು ಆರು ಟ್ಯಾಬ್‌ಗಳು ದೊರೆತಿವೆ, ಆದರೆ ಒಂಬತ್ತನೆಯ ತರಗತಿಯ ಅರ್ಧದಷ್ಟು ಮಕ್ಕಳು ಪದ್ಯವನ್ನು ತಡವರಿಸದೆ ಓದಲಾರರು, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಹದಿನಾಲ್ಕು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಟಿವಿಯನ್ನು ಸದ್ಯಕ್ಕೆ ಬದಿಗಿಟ್ಟು, ಟ್ಯಾಬಿನಲ್ಲಿರುವ ಧ್ವನಿಮುದ್ರಣದ ಆ್ಯಪ್‌ನಿಂದ ಆರಂಭಿಸಿ.

ನಾನೂ ಮೊದಲು ಟಿವಿಯಿಂದಲೇ ಆರಂಭಿಸಿದ್ದೆ. ಪಠ್ಯದಲ್ಲಿರುವ ಪದ್ಯಗಳ ರಾಗಬದ್ಧ ವಿಡಿಯೋಗಳನ್ನು ರಾತ್ರಿ ಮನೆಯಲ್ಲಿ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು, ಎರಡು ತಿಂಗಳು ತೋರಿಸಿದೆ. ಮಕ್ಕಳು ಸಂತೋಷಪಟ್ಟರು, ಒಟ್ಟಾಗಿ ಹಾಡಿದರು. ನನಗೂ ಪಾಠ ಚೆನ್ನಾಗಿ ನಡೆಯುತ್ತಿದೆ ಎನ್ನಿಸಿತು. ಒಂದು ದಿನ ಕರೆಂಟು ಹೋದಾಗ ಅದೇ ಪದ್ಯವನ್ನು ಪುಸ್ತಕದಲ್ಲಿ ತೆರೆದು ನಡುವಿನ ಒಂದು ಸಾಲಿನಿಂದ ಓದಲು ಹೇಳಿದೆ. ಬಾಯಿಪಾಠವಾಗಿ ಹಾಡುತ್ತಿದ್ದವರೇ ಬೆರಳನ್ನು ಯಾವ ಅಕ್ಷರದ ಮೇಲೆ ಇಡಬೇಕೆಂದು ತಿಳಿಯದೆ ಸುಮ್ಮನೆ ನಿಂತರು. ಅವರ ಕಣ್ಣು ಚಿತ್ರವನ್ನು ನೋಡಿತ್ತು, ಕಿವಿ ರಾಗವನ್ನು ಹಿಡಿದಿತ್ತು, ಅಕ್ಷರದ ಬಳಿಗೆ ಎರಡೂ ಹೋಗಿರಲಿಲ್ಲ. ತಪ್ಪು ನನ್ನದೆಂದು ಅಂದೇ ಒಪ್ಪಿಕೊಂಡೆ.

ಆಮೇಲೆ ಹಿಡಿದ ಕ್ರಮ ಇದು. ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ, ಒಬ್ಬರು ನಾಲ್ಕು ಸಾಲು ಓದುವುದನ್ನು ಇನ್ನೊಬ್ಬರು ಟ್ಯಾಬಿನಲ್ಲಿ ಮುದ್ರಿಸಿಕೊಳ್ಳಬೇಕು. ಬಳಿಕ ಓದಿದ ಮಗುವೇ ಪುಸ್ತಕ ಹಿಡಿದು ತನ್ನ ಧ್ವನಿಯನ್ನು ಕೇಳುತ್ತ, ತಡೆದು ನಿಂತ ಕಡೆಯೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ನಾವು ತಿದ್ದಿದಾಗ ಮುದುಡುವ ಮಗು ತನ್ನ ತಡೆಯನ್ನು ತಾನೇ ಕೇಳಿಸಿಕೊಂಡಾಗ ಮತ್ತೊಮ್ಮೆ ಓದುತ್ತೇನೆ ಎನ್ನುತ್ತದೆ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವಾರದ ಕೊನೆಗೆ ಆ ಗೆರೆಗಳನ್ನು ಒಟ್ಟಿಗೆ ನೋಡಿದರೆ ತರಗತಿಯ ಕಷ್ಟ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಹೆಚ್ಚಿನ ಗೆರೆಗಳು ಒತ್ತಕ್ಷರಗಳ ಮೇಲೆ, ಮಹಾಪ್ರಾಣಗಳ ಮೇಲೆ ಮತ್ತು ಸಂಧಿಯಾದ ಉದ್ದ ಪದಗಳ ಮೇಲೆ ಇದ್ದವು. ತಾಂಡಾದಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಕೆಲವರು ದಖನಿ ಉರ್ದು ಆಡುತ್ತಾರೆ. ಅವರಿಗೆ ಪುಸ್ತಕದ ಕನ್ನಡವೇ ಎರಡನೆಯ ಭಾಷೆ, ಹಳಗನ್ನಡವಂತೂ ಮೂರನೆಯದು. ಹಾಗೆಯೇ, ಅರ್ಥ ಹೇಳುವಾಗ ಮಗು ‘ಹೋಗ್ಯಾನ’, ‘ಬಂದಾಳ’ ಎಂದರೆ ದಯವಿಟ್ಟು ತಿದ್ದಬೇಡಿ. ಅದು ಓದಿನ ತಪ್ಪಲ್ಲ, ನಮ್ಮ ಸೀಮೆಯ ನುಡಿ.

ಈ ಹಂತ ದಾಟಿದ ಮೇಲೆ ಟಿವಿಯನ್ನು ತನ್ನಿ, ಆದರೆ ಛಂದಸ್ಸಿಗಾಗಿ. ಹ್ರಸ್ವ ಅಕ್ಷರಕ್ಕೆ (ಲಘು) ಒಂದು ಮಾತ್ರೆ, ದೀರ್ಘ ಅಕ್ಷರಕ್ಕೆ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ (ಗುರು) ಎರಡು ಮಾತ್ರೆ, ಮಾತ್ರೆಗಳ ಗುಂಪಿಗೆ ಗಣ ಎಂದು ಹೆಸರು. ಆರು ಸಾಲಿನ ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳು 3, 4, 3, 4 ಎಂಬ ನಡೆಯಲ್ಲಿ 14 ಮಾತ್ರೆಗಳಾಗುತ್ತವೆ. 3 ಮತ್ತು 6ನೆಯ ಸಾಲುಗಳಲ್ಲಿ ಮೂರು–ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಆಗುತ್ತವೆ. ಕುಮಾರವ್ಯಾಸನ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ. ‘ಶ್ರೀವ | ನಿತೆಯರ | ಸನೆವಿ | ಮಲರಾ’ ಎಂದು ಮೊದಲ ಸಾಲು ನಿಲ್ಲುತ್ತದೆ, ‘ರಾಜೀವ’ದ ‘ಜೀವ’ ಎರಡನೆಯ ಸಾಲಿಗೆ ಹೋಗುತ್ತದೆ. ಮಕ್ಕಳು ಇಲ್ಲಿ ಎಡವುವುದು ಸಹಜ, ಏಕೆಂದರೆ ಪದ ಮುಗಿಯುವ ಮೊದಲೇ ಸಾಲು ಮುಗಿದಿರುತ್ತದೆ. ಸ್ಲೈಡಿನಲ್ಲಿ ಮೂರು ಮಾತ್ರೆಯ ಗಣಕ್ಕೆ ಒಂದು ಬಣ್ಣ, ನಾಲ್ಕರ ಗಣಕ್ಕೆ ಇನ್ನೊಂದು ಬಣ್ಣ ಕೊಟ್ಟು, ಗಣಗಳನ್ನು ಒಂದೊಂದಾಗಿ ತೋರಿಸುತ್ತ ಚಪ್ಪಾಳೆ ಹಾಕಿಸಿ. ನಂತರ ಅದೇ ಸಾಲುಗಳನ್ನು ಪದ ಒಡೆದು, ಅರ್ಥಕ್ಕೆ ತಕ್ಕಂತೆ ಬರೆದ ಎರಡನೆಯ ಸ್ಲೈಡನ್ನು ತೋರಿಸಿ. ತಾಳಕ್ಕೆ ಒಂದು ಓದು, ಅರ್ಥಕ್ಕೆ ಇನ್ನೊಂದು ಓದು ಎಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲಿ. ‘ಶ್ರೀವ’, ‘ಜೀವ’, ‘ಪಾವ’ ಎಂದು ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದನ್ನು ಅವರೇ ಕಂಡುಹಿಡಿದು ಕೂಗುತ್ತಾರೆ. ಆದಿಪ್ರಾಸ ಎಂಬ ಹೆಸರನ್ನು ಆಮೇಲೆ ಹೇಳಿದರೆ ಸಾಕು. ಕರಿಹಲಗೆಯ ಮೇಲೆ ಇದನ್ನು ಮಾಡಬಹುದಾದರೂ ಬರೆದು ಅಳಿಸುವುದರಲ್ಲೇ ಅವಧಿ ಮುಗಿಯುತ್ತದೆ.

ವಚನಗಳ ಪಾಠಕ್ಕೆ ‘ವಚನ ಸಂಚಯ’ ಎಂಬ ಜಾಲತಾಣವನ್ನು ಬಳಸಿ. ಅದರಲ್ಲಿ ಒಂದು ಪದವನ್ನು ಕೊಟ್ಟು ಆ ಪದ ಬರುವ ವಚನಗಳನ್ನು ಹುಡುಕಬಹುದು. ನಾನು ‘ಕೆರೆ’, ‘ಬೀಜ’, ‘ಹೊಲ’ದಂಥ ಪದಗಳನ್ನು ಮಕ್ಕಳ ಗುಂಪುಗಳಿಗೆ ಹಂಚುತ್ತೇನೆ, ಒಂದೇ ಪದ ಬೇರೆ ಬೇರೆ ವಚನಕಾರರ ಕೈಯಲ್ಲಿ ಹೇಗೆ ಬೇರೆ ಅರ್ಥ ತಾಳುತ್ತದೆ ಎಂದು ಅವರು ಹೋಲಿಸಿ ಹೇಳಬೇಕು. ಅಂಕಿತವನ್ನು, ಅಂದರೆ ವಚನಕಾರರ ಗುರುತಾಗಿ ವಚನದಲ್ಲಿ ಬರುವ ದೇವರ ಹೆಸರನ್ನು, ಮರೆಮಾಡಿ ಯಾರ ವಚನವೆಂದು ಕೇಳುವುದೂ ಒಳ್ಳೆಯ ಅಭ್ಯಾಸ. ನಿಮ್ಮ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯನಿಂದಲೇ, ಅವನ ‘ರಾಮನಾಥ’ ಅಂಕಿತದಿಂದಲೇ ಆರಂಭಿಸಿದರೆ ಮಕ್ಕಳಿಗೆ ತಮ್ಮ ಊರ ಕಡೆಯವನೆಂಬ ಅಕ್ಕರೆ ಮೂಡುತ್ತದೆ. ಪದಾರ್ಥಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ. ಇನ್ನೊಂದು ಸಣ್ಣ ವಿಷಯ: ಪರಿಚಯದ ಶಿಕ್ಷಕರು ಕಳಿಸುವ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳು ಟ್ಯಾಬಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಶಾಲೆಯ ಹೊರಗೆ ನಡೆಯುತ್ತದೆ. ಅಜ್ಜಿಯರ ಬೀಸುಕಲ್ಲಿನ ಪದ, ಭಜನೆಯವರು ಹಾಡುವ ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಸಮಯದ ರಿವಾಯತ ಪದ, ಇವನ್ನು ಮಕ್ಕಳು ಮನೆಯವರ ಮೊಬೈಲಿನಲ್ಲಿ ಮುದ್ರಿಸಿ ತರುತ್ತಾರೆ. ತಂದ ಹಾಡನ್ನು ಸಾಲು ಸಾಲಾಗಿ ನಿಲ್ಲಿಸಿ ಕೇಳುತ್ತ ಬರೆಯುವುದು, ಬರೆದುದನ್ನು ತರಗತಿಯ ಮುಂದೆ ಓದುವುದು, ಇದು ಎರಡು ವಾರದ ಕೆಲಸ. ಓದಲು ಹಿಂಜರಿಯುವ ಮಗುವೂ ತನ್ನ ಅಜ್ಜಿಯ ಪದವನ್ನು ಓದಲು ಎದ್ದು ನಿಲ್ಲುತ್ತದೆ. ಕನ್ನಡಿಗರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ (ಓದಿ ಕಲಿಯದಿದ್ದರೂ ಕಾವ್ಯ ಕಟ್ಟುವುದರಲ್ಲಿ ನಿಪುಣರು) ಎಂದು ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಹೇಳಿದ್ದು ರಾಷ್ಟ್ರಕೂಟರ ಮಳಖೇಡದಿಂದ. ಆ ಊರು ನಮ್ಮ ಪಕ್ಕದ ಸೇಡಂ ತಾಲ್ಲೂಕಿನಲ್ಲಿದೆ. ಅಕ್ಷರ ಕಲಿಯದ ಅಜ್ಜಿಯ ಹಾಡನ್ನು ಮಕ್ಕಳು ಬರೆದು ತಂದಾಗಲೇ ಆ ಸಾಲಿನ ಅರ್ಥವನ್ನು ನಾನು ಅವರಿಗೆ ವಿವರಿಸುತ್ತೇನೆ.

ಮಕ್ಕಳ ಧ್ವನಿಮುದ್ರಣಗಳನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ತಡವರಿಸುವ ಮಗುವಿನ ಓದು ಇಡೀ ಊರಿಗೆ ಕೇಳಿಸಿದರೆ ಅದು ಮತ್ತೆ ಬಾಯಿ ತೆರೆಯುವುದಿಲ್ಲ. ಹಿರಿಯರ ಹಾಡನ್ನು ಇಟ್ಟುಕೊಳ್ಳುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಆರು ಟ್ಯಾಬ್ ಸಾಲುವುದಿಲ್ಲ ಎಂದು ಬರೆದಿದ್ದೀರಿ. ಆರು ಜೋಡಿಗಳು ಜಗಲಿಯಲ್ಲಿ, ಮರದ ಕೆಳಗೆ ದೂರ ದೂರ ಕುಳಿತು ಮುದ್ರಿಸುವಾಗ ಉಳಿದವರು ಒಳಗೆ ಗೆರೆ ಎಳೆದ ಪದಗಳನ್ನು ಬಿಡಿಸಿ ಬರೆಯಲಿ. ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿದರೆ ಒಂದು ಅವಧಿಯಲ್ಲಿ ಇಪ್ಪತ್ತನಾಲ್ಕು ಜೋಡಿಗಳಿಗೆ ಸರದಿ ಬರುತ್ತದೆ.